ಮೇಲ್ಮನವಿ ವಜಾ ಆಯ್ತು, ಫೆಡರಲ್ ಕೋರ್ಟಿನಲ್ಲಿ ಹೊಸ ಫೋಟೋ ಕೊಡಬಹುದಾ?

ಹೆಂಡತಿಯನ್ನು ಕೆನಡಾಕ್ಕೆ ಕರೆಸಿಕೊಳ್ಳುವ ಸ್ಪಾನ್ಸರ್‌ಶಿಪ್ ಮೇಲ್ಮನವಿಯನ್ನು ಅಲ್ಲಿನ ಇಮಿಗ್ರೇಷನ್ ಅಪೀಲ್ ಡಿವಿಷನ್ (ವಲಸೆ ಮೇಲ್ಮನವಿ ಕೇಳುವ ಮಂಡಳಿ) ವಜಾ ಮಾಡಿ ಹತ್ತು ದಿನ ಆಯ್ತು, ಇನ್ನಷ್ಟು ಫೋಟೋ, ಚಾಟ್ ಕೊಟ್ಟರೆ ಫೆಡರಲ್ ಕೋರ್ಟ್ ನೋಡುತ್ತದಾ ಅಂತ ಕೇಳಿದ್ದೀರಿ. ಮೊದಲು ದಿನ ಎಣಿಸಿ. ಫೆಡರಲ್ ಕೋರ್ಟಿಗೆ ಅರ್ಜಿ ಹಾಕಲು, ಆದೇಶ ನಿಮಗೆ ತಿಳಿದ ದಿನದಿಂದ ನಿಮಗಿರುವುದು 15 ದಿನ ಮಾತ್ರ. ಹೆಂಡತಿ ಹೊರದೇಶದಲ್ಲಿದ್ದರೂ ಆದೇಶ ಬಂದಿದ್ದು ಕೆನಡಾದೊಳಗೆ, ಹಾಗಾಗಿ ಕೆನಡಾದ ಹೊರಗೆ ಆದ ಆದೇಶಗಳಿಗಿರುವ 60 ದಿನದ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಇವತ್ತೇ ವಕೀಲರಿಗೆ ಫೋನ್ ಮಾಡಿ, ದಯವಿಟ್ಟು.

ಇನ್ನು ಫೋಟೋ ವಿಷಯ. ಕೋರ್ಟ್ ನಿಮ್ಮ ಮದುವೆ ನಿಜವೋ ಅಲ್ಲವೋ ಅಂತ ಮತ್ತೆ ವಿಚಾರಣೆ ಮಾಡುವುದಿಲ್ಲ. ಅಲ್ಲಿ ನೋಡುವುದು ಅಪೀಲ್ ಡಿವಿಷನ್‌ನ ಆದೇಶ ಸಮಂಜಸವಾಗಿದೆಯಾ ಅಂತ ಅಷ್ಟೇ, ಕೆನಡಾದ ಸುಪ್ರೀಂ ಕೋರ್ಟಿನ 2019ರ ವಾವಿಲೋವ್ ತೀರ್ಪಿನ ಅಳತೆಯಲ್ಲಿ. ಜೊತೆಗೆ ವಿಚಾರಣೆ ನ್ಯಾಯವಾಗಿ ನಡೆಯಿತಾ ಅಂತಲೂ ನೋಡುತ್ತಾರೆ. ಹೊಸ ಸಾಕ್ಷ್ಯ ಸಾಮಾನ್ಯವಾಗಿ ನಡೆಯಲ್ಲ. ಹಾಗಾಗಿ ಆದೇಶವನ್ನು ಪೆನ್ ಹಿಡಿದು ಓದಿ: ನೀವು ಕೊಟ್ಟಿದ್ದ ಮುಖ್ಯ ದಾಖಲೆಯ ಬಗ್ಗೆ ಒಂದು ಮಾತೂ ಇಲ್ಲವಾ, ನೀವು ಹೇಳದ ಮಾತನ್ನು ಹೇಳಿದಿರಿ ಅಂತ ಬರೆದಿದ್ದಾರಾ, ಕಾರಣಕ್ಕೂ ತೀರ್ಮಾನಕ್ಕೂ ಕೊಂಡಿಯೇ ತಪ್ಪಿದೆಯಾ? ಇಂಥದ್ದು ಸಿಕ್ಕರೆ ಗಟ್ಟಿ ಆಧಾರ. ಸುಮ್ನೆ "ನಮ್ಮನ್ನು ನಂಬಲಿಲ್ಲ" ಅಂದರೆ ಸಾಲದು.

ಮೊದಲು ಕೋರ್ಟಿನ ಅನುಮತಿ ಸಿಗಬೇಕು, ಎಷ್ಟೋ ಅರ್ಜಿಗಳು ಅಲ್ಲೇ ನಿಲ್ಲುತ್ತವೆ. ಗೆದ್ದರೂ ವೀಸಾ ಕೈಗೆ ಬರಲ್ಲ. ಸಾಮಾನ್ಯವಾಗಿ ಪ್ರಕರಣ ಅಪೀಲ್ ಡಿವಿಷನ್‌ಗೆ ವಾಪಸ್ ಹೋಗಿ ಅಲ್ಲಿನ ಬೇರೆ ಸದಸ್ಯರ ಮುಂದೆ ಮತ್ತೆ ವಿಚಾರಣೆ ಆಗುತ್ತದೆ. ನಿಮ್ಮ ಹೊಸ ಫೋಟೋಗಳಿಗೆ ಅದು ಸರಿಯಾದ ಜಾಗ, ಅಥವಾ ಹೊಸದಾಗಿ ಹಾಕುವ ಸ್ಪಾನ್ಸರ್‌ಶಿಪ್ ಅರ್ಜಿ. ಆ ದಾರಿಯನ್ನೂ ವಕೀಲರ ಹತ್ತಿರ ಕೇಳಿ. ಆದರೆ 15 ದಿನದ ಗಡುವು ಮಾತ್ರ ಬಿಡಬೇಡಿ.