ಮಗನಿಗೆ ಓದಲು ಬರುತ್ತಿಲ್ಲ. ಇದು ಅತ್ತೆ ಮನೆ ಕಡೆಯಿಂದ ಬಂದದ್ದಾ, ನಾನು ಮೊಬೈಲ್ ಕೊಟ್ಟಿದ್ದಕ್ಕಾ?

ನಾಲ್ಕನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಕಂಡರೆ ನಿಂತುಬಿಡುತ್ತಾನೆ ಅಂತ ಬರೆದಿದ್ದೀರಿ. ನನ್ನ ಮಗಳದ್ದೂ ಇದೇ ಕಥೆ. ನಮ್ಮದು ಮುಳಬಾಗಿಲು ಕಡೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. "ಮನೇಲಿ ತೆಲುಗು ಬಿಡಿ, ತಾನೇ ಸರಿಹೋಗುತ್ತೆ" ಅಂದರು ಟೀಚರ್. ನಾನೂ ನಂಬಿದೆ.

ಕೆಟ್ಟಿದ್ದು ಅಲ್ಲೇ. ಅದೇ ಮನೆ, ಅದೇ ತೆಲುಗು, ಅದೇ ಶಾಲೆಯಲ್ಲಿ ದೊಡ್ಡ ಮಗ ಎರಡನೇ ಕ್ಲಾಸಿಗೇ ಬಸ್ಸಿನ ಬೋರ್ಡೆಲ್ಲ ಓದುತ್ತಿದ್ದ. ಭಾಷೆಯೇ ಕಾರಣವಾಗಿದ್ದರೆ ಅವನಿಗೂ ತೊಡಕಾಗಬೇಕಿತ್ತು, ಅಲ್ವಾ? ಮಗಳು ಕನ್ನಡ ಮಾತಾಡುವುದರಲ್ಲಿ ಚುರುಕು. ಕೇಳಿದ ಪದ್ಯವೆಲ್ಲ ಬಾಯಿಪಾಠ. ಓದಲು ಕೂತರೆ ಮಾತ್ರ "ಪು... ಸ..." ಅಂತ ತಡವರಿಸಿ ಸುಮ್ಮನಾಗುತ್ತಿದ್ದಳು. ಇನ್ನು ನಮ್ಮಣ್ಣ, ಟೊಮೆಟೊ ಮಂಡಿಯಲ್ಲಿ ಲೆಕ್ಕವೆಲ್ಲ ಬಾಯಲ್ಲೇ ಹಾಕುತ್ತಾನೆ, ಬಿಲ್ಲನ್ನು ಬೇರೆಯವರ ಕೈಲಿ ಓದಿಸುತ್ತಾನೆ. ಅವನಿಗೆ ಓದು ತಲೆಗೆ ಹತ್ತಲಿಲ್ಲ ಅಂತ ನಾವೇ ಆಡಿಕೊಳ್ಳುತ್ತಿದ್ದೆವು. ಇಷ್ಟೆಲ್ಲ ಕಣ್ಣೆದುರಿಗಿದ್ದರೂ, ಮೊಮ್ಮಗಳಿಗೆ ತೆಲುಗಿನಲ್ಲಿ ಕಥೆ ಹೇಳಬೇಡ ಅಂತ ನಮ್ಮಮ್ಮನ ಬಾಯಿ ಮುಚ್ಚಿಸಿದೆ. ಓದೂ ಬರಲಿಲ್ಲ, ಕಥೆಯೂ ನಿಂತುಹೋಯಿತು. ವರ್ಷಗಳು ಸುಮ್ನೆ ಹೋದವು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಿಸ್ಲೆಕ್ಸಿಯಾ ಅಂದರು. ಅಂದರೆ ಅಕ್ಷರ ಕೂಡಿಸಿ ಓದುವುದೇ ಕಷ್ಟವಾಗುವ ಕಲಿಕಾ ತೊಂದರೆ.

ನಿಮ್ಮ "ಅದಾ, ಇದಾ" ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಂಶದ ಪಾಲು ದೊಡ್ಡದೇ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಓದು ಕಷ್ಟವಾದರೆ ಇನ್ನೊಬ್ಬರಿಗೂ ಹಾಗಾಗುವುದು ಉಳಿದ ಅವಳಿಗಳಿಗಿಂತ ಜಾಸ್ತಿ. ಆದರೆ ಇದು ಯಾವುದೋ ಒಂದು ಜೀನಿನ ಕೆಲಸವಲ್ಲ. 2022ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿ ಮಾಡಿದ ಅಧ್ಯಯನದಲ್ಲಿ ನಮ್ಮ ಡಿಎನ್‌ಎಯಲ್ಲಿ ಡಿಸ್ಲೆಕ್ಸಿಯಾಗೆ ಸಂಬಂಧಿಸಿದ 42 ಜಾಗಗಳು ಸಿಕ್ಕವು. ಒಂದೊಂದರ ಪ್ರಭಾವವೂ ಚೂರೇ ಚೂರು. ಹಾಗಾಗಿ ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಇನ್ನು ಮೊಬೈಲು, ಅದು ಓದುವ ಹೊತ್ತನ್ನು ತಿನ್ನಬಹುದು, ಡಿಸ್ಲೆಕ್ಸಿಯಾ ತರುವುದಿಲ್ಲ. ವಂಶದಿಂದ ಬಂದದ್ದು ಅಂದರೆ ಕಲಿಸಿದರೂ ಬರುವುದಿಲ್ಲ ಅಂತಲ್ಲ. ಹೇಗೆ ಕಲಿಸುತ್ತಾರೆ ಅನ್ನುವುದರಿಂದ ಬಹಳ ವ್ಯತ್ಯಾಸವಾಗುತ್ತದೆ.

ಆದ್ದರಿಂದ ಅತ್ತೆಯನ್ನೂ ಬೈಯಬೇಡಿ, ನಿಮ್ಮನ್ನೂ ಬೈದುಕೊಳ್ಳಬೇಡಿ. ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಕಲಿಕಾ ತೊಂದರೆಯ ಪರೀಕ್ಷೆ ಮಾಡಿಸಿ. ಒಂದೇ ಪದವನ್ನು ಇಪ್ಪತ್ತು ಸಲ ಬರೆಸುವ ಟ್ಯೂಷನ್ ಇದ್ದರೆ ಇವತ್ತೇ ಬಿಡಿಸಿ. ಕಾಗುಣಿತ, ಒತ್ತಕ್ಷರಗಳನ್ನು ಶಬ್ದ ಬಿಡಿಸಿ, ನಿಧಾನವಾಗಿ, ದಿನಾ ಸ್ವಲ್ಪ ಕಲಿಸುವವರನ್ನು ಹುಡುಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾ ಕೂಡ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ ಕೇಳಬಹುದು. ಹತ್ತನೇ ಕ್ಲಾಸಿಗೆ ಬಂದ ಮೇಲೆ ಅದಕ್ಕಾಗಿ ಓಡಾಡಬೇಡಿ, ಈಗಲೇ ಮಾಡಿಸಿಟ್ಟುಕೊಳ್ಳಿ.