ಸಂಜೆಯ ಕಲಿಕಾ ಗುಂಪು ಇನ್ನೊಂದು ಟ್ಯೂಷನ್ ಆಗದಿರಲು

ಶಾಲೆ ಇದ್ದೇ ಇದೆ, ಊರವರು ಸೇರಿ ನಡೆಸುವ ಸಂಜೆಯ ಕಲಿಕಾ ಗುಂಪಿನಿಂದ ಹದಿಹರೆಯದವರಿಗೆ ಹೆಚ್ಚಿಗೆ ಏನು ಸಿಗುತ್ತದೆ, ಶುರು ಮಾಡುವುದು ಹೇಗೆ ಎಂದು ಕೇಳಿದ್ದೀರಿ. ಸಿಗುವುದು ಬೇಕಾದಷ್ಟಿದೆ, ಆದರೆ ಅದು ಹೋಂವರ್ಕ್ ಮುಗಿಸಿಕೊಳ್ಳುವ ಜಾಗವಾಗಬಾರದು. ಶಾಲೆ ವಯಸ್ಸು ನೋಡಿ ತರಗತಿ ಮಾಡುತ್ತದೆ. ನಿಮಗೆ ಆ ಕಟ್ಟುಪಾಡಿಲ್ಲ. ನಿಮ್ಮ ಬಲ ಇರುವುದು ಅಲ್ಲೇ.

ಮೊದಲ ವಾರ ಪಾಠವೇ ಬೇಡ. ಒಬ್ಬೊಬ್ಬರನ್ನೇ ಐದು ನಿಮಿಷ ಕೂರಿಸಿಕೊಂಡು ಓದಿಸಿ: ಅಕ್ಷರ, ಪದ, ನಾಲ್ಕು ಸಾಲು, ಒಂದು ಪುಟದ ಕಥೆ. ಎಲ್ಲಿ ತಡವರಿಸುತ್ತಾರೋ ಅದೇ ಅವರ ಮಟ್ಟ. ಮಟ್ಟಕ್ಕೆ ತಕ್ಕಂತೆ ಹನ್ನೆರಡು-ಹದಿನೈದು ಜನರ ಗುಂಪು ಮಾಡಿ, ಆರು ವಾರಕ್ಕೊಮ್ಮೆ ಮತ್ತೆ ಓದಿಸಿ ಗುಂಪು ಬದಲಿಸಿ. ಹದಿನಾರರ ಹುಡುಗನನ್ನು ಹತ್ತರ ಮಕ್ಕಳ ಜೊತೆ ಕೂರಿಸಿದರೆ ನಾಚಿಕೊಂಡು ಬರುವುದನ್ನೇ ಬಿಡುತ್ತಾನೆ. ಅವನಿಗೆ ಚಿಕ್ಕವರಿಗೆ ಕಥೆ ಓದಿ ಹೇಳುವ ಹೊಣೆ ಕೊಡಿ. ಹಿಂದಿನ ದಿನವೇ ಅಭ್ಯಾಸ ಮಾಡಿಕೊಂಡು ಬರಬೇಕಾಗುತ್ತದೆ, ಓದು ತಾನಾಗಿ ಪಳಗುತ್ತದೆ.

ಇನ್ನು ಕಲಿಕೆಯ ವಿಷಯ. ಸೋರುವ ನಲ್ಲಿಯೊಂದು ಸಾಕು. ಅದರ ಕೆಳಗೆ ಹತ್ತು ನಿಮಿಷ ಅಳತೆ ಲೋಟ ಇಡಿಸಿ. ಸೆಕೆಂಡಿಗೊಂದು ಹನಿ ಬಿದ್ದರೆ ಸುಮಾರು 30 ಮಿಲಿಲೀಟರ್ ನೀರು ಸೇರುತ್ತದೆ. ದಿನಕ್ಕೆ ಅಂಥ ಹತ್ತು ನಿಮಿಷಗಳು 144. ಗುಣಿಸಿದರೆ ನಾಲ್ಕು ಲೀಟರಿಗೂ ಹೆಚ್ಚು. ಒಬ್ಬರ ಲೆಕ್ಕ 43 ಲೀಟರ್, ಇನ್ನೊಬ್ಬರದು 4.3 ಎಂದಾಗ ನೀವು ಬಾಯಿ ಬಿಡಬೇಡಿ, ಅವರೇ ಜಗಳವಾಡಿ ತಪ್ಪು ಹುಡುಕಲಿ. (ಸುಮ್ಮನಿರುವುದೇ ಕಲಿಸುವವರಿಗೆ ಎಲ್ಲಕ್ಕಿಂತ ಕಷ್ಟ.) ಕೊನೆಗೆ ನಲ್ಲಿ ದುರಸ್ತಿ ಮಾಡಬೇಕಾದವರಿಗೆ ಮಕ್ಕಳ ಕೈಯಲ್ಲೇ ಅರ್ಜಿ ಬರೆಸಿ. ಮಾಪನ, ಗುಣಾಕಾರ, ಬರವಣಿಗೆ ಒಂದೇ ಕೆಲಸದಲ್ಲಿ ಬಂದವು, ಅದೂ ಓದುವವರೊಬ್ಬರು ನಿಜವಾಗಿ ಇರುವ ಬರವಣಿಗೆ.

ಜಾಗ, ಸಾಮಾನು ದೊಡ್ಡ ತೊಡಕಲ್ಲ. ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆ 1985ರಲ್ಲಿ ಶುರು ಮಾಡಿದ ಅನೌಪಚಾರಿಕ ಶಾಲೆಗಳೂ ಒಂದೇ ಕೋಣೆಯವು.

ಇಂಥ ಗುಂಪು ಮುರಿಯುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಎಲ್ಲವೂ ಒಬ್ಬರೇ ಸ್ವಯಂಸೇವಕರ ಮೇಲೆ ನಿಂತಿರುತ್ತದೆ; ಪ್ರತಿ ಗುಂಪಿಗೂ ಇಬ್ಬರಿರಲಿ. ಎರಡು, ಸಮಯವನ್ನು ದೊಡ್ಡವರು ನಿಗದಿ ಮಾಡಿರುತ್ತಾರೆ. ಕತ್ತಲಾದ ಮೇಲೆ ಮುಗಿದರೆ ಹುಡುಗಿಯರು, ಬೇಗ ಶುರುವಾದರೆ ದುಡಿಯುವ ಹುಡುಗರು ತಪ್ಪಿಹೋಗುತ್ತಾರೆ. ಒಂದೇ ಹೊತ್ತು ಎಲ್ಲರಿಗೂ ಹೊಂದದಿದ್ದರೆ ಎರಡು ಪಾಳಿ ಮಾಡಿ. ಎರಡು ದಿನ ಸತತ ಬಾರದವರ ಮನೆಗೆ ಮೂರನೆಯ ದಿನವೇ ಹೋಗಿ ವಿಚಾರಿಸಿ. ತಿಂಗಳು ಕಳೆದ ಮೇಲೆ ಹೋದರೆ ಮರಳಿ ಬರುವವರು ಕಡಿಮೆ.