ಅಮೆರಿಕದ ಅಧ್ಯಕ್ಷೀಯ ಪ್ರಚಾರದಲ್ಲಿ ಅಭ್ಯರ್ಥಿಯ ಧರ್ಮ, ಬಣ್ಣ ಯಾಕೆ ಅಷ್ಟು ಮುಖ್ಯವಾಗುತ್ತವೆ?

ಗೆಲುವು ರಾಜ್ಯವಾರು ಲೆಕ್ಕದಲ್ಲಿ ನಿರ್ಧಾರವಾಗುವುದರಿಂದ. ಬಹುತೇಕ ರಾಜ್ಯಗಳಲ್ಲಿ ಒಂದು ಮತ ಹೆಚ್ಚು ಬಿದ್ದರೂ ಸಾಕು, ಅಲ್ಲಿನ ಅಷ್ಟೂ ಎಲೆಕ್ಟರ್‌ಗಳು (ಅಧ್ಯಕ್ಷರನ್ನು ವಿಧಿವತ್ತಾಗಿ ಆರಿಸುವ ಪ್ರತಿನಿಧಿಗಳು) ಗೆದ್ದವರ ಪಾಲು. ಹಾಗಾಗಿ ಧರ್ಮವೋ ಬಣ್ಣವೋ ಎಷ್ಟು ಮತ ಕಳೆಯಿತು ಎನ್ನುವುದಕ್ಕಿಂತ ಎಲ್ಲಿ ಕಳೆಯಿತು, ಎಲ್ಲಿ ಕೂಡಿಸಿತು ಎಂಬುದೇ ಮುಖ್ಯ.

1960ರ ಜಾನ್ ಎಫ್. ಕೆನಡಿ ಇದಕ್ಕೆ ಒಳ್ಳೆಯ ಉದಾಹರಣೆ. ಅವರು ಕ್ಯಾಥೊಲಿಕ್, ಪೋಪ್ ಮಾತು ಕೇಳಿ ದೇಶ ಆಳುತ್ತಾರೆಂಬ ಗುಮಾನಿ. 1928ರಲ್ಲಿ ಇದೇ ಗುಮಾನಿ ಡೆಮಾಕ್ರಟಿಕ್ ಪಕ್ಷದ ಕ್ಯಾಥೊಲಿಕ್ ಅಭ್ಯರ್ಥಿ ಆಲ್ ಸ್ಮಿತ್ ಅವರಿಗೆ ಸ್ವಪಕ್ಷದ ಕೋಟೆಗಳಾಗಿದ್ದ ಟೆಕ್ಸಾಸ್, ವರ್ಜೀನಿಯಾಗಳಲ್ಲೇ ಪೆಟ್ಟು ಕೊಟ್ಟಿತ್ತು. ಕೆನಡಿ ಮೊದಲು ಪ್ರಾಟೆಸ್ಟೆಂಟರೇ ತುಂಬಿದ್ದ ವೆಸ್ಟ್ ವರ್ಜೀನಿಯಾದಲ್ಲಿ ಪಕ್ಷದೊಳಗಿನ ಚುನಾವಣೆ ಗೆದ್ದು ತೋರಿಸಿದರು. ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳ ಎದುರೇ ನಿಂತು, ಅವರ ಪ್ರಶ್ನೆಗಳಿಗೂ ಉತ್ತರಿಸಿದರು. ಅದನ್ನು ಪ್ರಚಾರ ತಂಡ ಬೇರೆಡೆಯ ಟಿವಿಗಳಲ್ಲೂ ತೋರಿಸಿತು. ಆದರೂ ಟೆನೆಸ್ಸೀ, ಒಕ್ಲಹೋಮಾ ಕೈತಪ್ಪಿದವು. ಆದರೆ ಕ್ಯಾಥೊಲಿಕರು ದೊಡ್ಡ ಸಂಖ್ಯೆಯಲ್ಲಿದ್ದ ಇಲಿನಾಯ್ 9,000ಕ್ಕೂ ಕಡಿಮೆ ಮತಗಳ ಅಂತರದಲ್ಲಿ ಒಲಿದು 27 ಎಲೆಕ್ಟರ್‌ಗಳನ್ನು ಕೊಟ್ಟಿತು.

2008ರಲ್ಲಿ ಬರಾಕ್ ಒಬಾಮಾಗೆ ಎರಡೂ ಕಡೆಯಿಂದ ಏಟು: ಅವರು ಮುಸ್ಲಿಂ ಎಂಬ ಸುಳ್ಳುಸುದ್ದಿ ಒಂದೆಡೆ, ಅವರ ಚರ್ಚಿನ ಪಾದ್ರಿ ಜೆರೆಮಾಯಾ ರೈಟ್ ಜನಾಂಗಭೇದದ ವಿಷಯದಲ್ಲಿ ಅಮೆರಿಕವನ್ನೇ ಕಟುವಾಗಿ ಟೀಕಿಸಿದ್ದ ಪ್ರವಚನಗಳ ವಿವಾದ ಇನ್ನೊಂದೆಡೆ. (ಎರಡೂ ಒಟ್ಟಿಗೆ ಹೇಗೆ ನಿಜವಾದೀತೆಂದು ಕೇಳಿದವರು ಕಡಿಮೆ!) ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ಅವರು ಜನಾಂಗದ ಬಗ್ಗೆಯೇ ದೀರ್ಘ ಭಾಷಣ ಮಾಡಬೇಕಾಯಿತು. ಬಿಳಿಯ ಪ್ರಾಟೆಸ್ಟೆಂಟ್ ಅಭ್ಯರ್ಥಿಗಳಿಗೆ ಇಂಥ ವಿವರಣೆಯ ಹೊರೆ ಸಾಮಾನ್ಯವಾಗಿ ಇರುವುದಿಲ್ಲ. ಆ ಸಮಯ, ಹಣ ಬೇರೆ ವಿಷಯಕ್ಕೆ ಉಳಿಯುತ್ತದೆ. ಲಾಭವೂ ಇತ್ತೆನ್ನಿ: ಕಪ್ಪು ಮತದಾರರು ಭಾರಿ ಸಂಖ್ಯೆಯಲ್ಲಿ ಬಂದ ನಾರ್ತ್ ಕೆರೊಲಿನಾದಲ್ಲಿ ಅವರು ಸುಮಾರು 14,000 ಮತಗಳಿಂದ ಗೆದ್ದರು.